ಶನಿವಾರದ ಕಣ್ಣು ಪರೀಕ್ಷೆ

ನೆಗಮಂನಲ್ಲಿ ನಮ್ಮ ಮನೆಯ ಮಹಡಿ ಹತ್ತಿ ನಿಂತರೆ ಸಾಕು, ತುಡಿಯಲೂರಿನಲ್ಲಿ ಬಸ್ಸಿಗೆ ಕಾಯುವವರ ಚಪ್ಪಲಿಯ ಬಾರು ಕಿತ್ತಿದೆಯೇ ಎಂದು ಹೇಳಬಲ್ಲೆ. ನಡುವೆ ಇಡೀ ಕೊಯಮತ್ತೂರು ಅಡ್ಡ ಇದೆಯಲ್ಲ ಎನ್ನಬೇಡಿ. ನನ್ನ ನೋಟ ಅದನ್ನು ಸುತ್ತಿಕೊಂಡು ಹೋಗುತ್ತದೆ.

ಇಂಥ ಕಣ್ಣಿಟ್ಟುಕೊಂಡೂ ಶನಿವಾರ ಬಂದರೆ ಕಣ್ಣು ಪರೀಕ್ಷೆಯ ಸಾಲಿನಲ್ಲಿ ನಾನೇ ಮೊದಲು. ಕಾರಣ ಧರಣಿ, ಕಣ್ಣು ಪರೀಕ್ಷೆ ಕಲಿಯುತ್ತಿರುವ ಹುಡುಗಿ. ಕ್ಲಾಸಿನಲ್ಲಿ ಕಲಿತದ್ದನ್ನು ನಮ್ಮ ನೇಕಾರರ ಬೀದಿಯಲ್ಲಿ ಮಾಡಿ, ಕಂಡದ್ದನ್ನು ಮತ್ತೆ ಕ್ಲಾಸಿನಲ್ಲಿ ಹೇಳಿದರೆ ಅವಳ ಕಾಲೇಜಿನಲ್ಲಿ ಮಾರ್ಕು. ಅವಳೂ ನಮ್ಮಂತೆ ಮನೆಯಲ್ಲಿ ಕನ್ನಡ ಮಾತಾಡುವವಳು. ಟಾರ್ಚ್ ಹಿಡಿದು ಅವಳು ನನ್ನತ್ತ ಬಗ್ಗಿದಾಗ ನನ್ನ ಎದೆಬಡಿತಕ್ಕೆ ಪೊಳ್ಳಾಚಿಯಲ್ಲಿ ಮೇಳದವರು ತಾಳ ತಪ್ಪಿದರು.

"ಕೆಳಗಿನ ಸಾಲು ಓದಿ."

"ಸಾಲು ಎಲ್ಲಿದೆ?"

"ಹೋದ ವಾರ ಓದಿದ್ರಲ್ಲ?"

"ಅದು ಹೋದ ವಾರದ ಕಣ್ಣು."

ತುಟಿ ಕಚ್ಚಿ ತಡೆದ ನಗು ಅವಳ ಕಣ್ಣಂಚಿನಲ್ಲಿ ಸೋರಿತು. ಆಮೇಲೆ ವಾರವಿಡೀ ನನ್ನ ಕೈಯಲ್ಲಿ ಎಳೆ ನಿಲ್ಲಲಿಲ್ಲ.

"ಏನ್ ಸಾಮಿ, ಮಗ್ಗದ ಮೇಲೆ ಕೂತು ರೋಡನ್ನ ನೇಯ್ತಿದ್ದೀಯಾ?" ಎಂದಳು ಅಜ್ಜಿ ನಾಚಿಯಮ್ಮ.

ಪರೀಕ್ಷೆಯ ಕೊನೆಯ ಶನಿವಾರ ಧರಣಿ ನಗಲಿಲ್ಲ.

"ವೆಲ್ಲಿಂಗಿರಿ, ಬೀದೀಲೆಲ್ಲ ನಿಮ್ಮೊಬ್ಬರ ಕಣ್ಣೇ ವಾರಕ್ಕೊಂದು ಥರ. ನಾನು ಅಳೆದಿದ್ದೇ ತಪ್ಪು ಅಂತಾರೆ ನಮ್ಮ ಕಾಲೇಜ್ ಮೇಡಂ. ಸೋಮವಾರ ಕ್ಲಾಸ್ ಮುಂದೆ ನಿಲ್ಲಬೇಕು. ಫೇಲ್ ಮಾಡ್ತಾರೆ."

ಅವಳು ಪೆಟ್ಟಿಗೆಯತ್ತ ತಿರುಗಿ ಏನೋ ಹುಡುಕಿ, ಪರೀಕ್ಷೆಯ ಭಾರದ ಕನ್ನಡಕವನ್ನು ನನ್ನ ಮೂಗಿಗೇರಿಸಿದಳು.

"ಇದು ಹೊಸ ಪವರ್. ಈಗ?"

ಅವಳ ಕಷ್ಟ ತೀರಲಿ ಎಂದು ಗಡಗಡ ಓದಿದೆ. ಕೊನೆಯ ಸಾಲು, ಅದರಡಿಯ ಪ್ರೆಸ್ಸಿನ ಹೆಸರು, ಎಲ್ಲ.

"ಭೇಷಾದ ಲೆನ್ಸು," ಎಂದೆ.

ಅವಳು ಬೆರಳು ಚಾಚಿದಳು. ಬೆರಳು ಚೌಕಟ್ಟಿನೊಳಗಿಂದ ನೇರ ಬಂದು ನನ್ನ ರೆಪ್ಪೆಗೆ ತಾಗಿತು.

"ಲೆನ್ಸೇ ಹಾಕಿಲ್ಲ. ಬರೀ ಫ್ರೇಮು. ಅಷ್ಟೂ ಕಾಣಲಿಲ್ವಾ?"

"ಇಲ್ಲ. ನಿಮ್ಮನ್ನೇ ನೋಡ್ತಿದ್ದೆ."

"ಅಂದ್ರೆ ಇಷ್ಟು ದಿನ ಹೇಳಿದ್ದೆಲ್ಲ ಪೊಯ್ಯಾ?"

"ಹೂಂ, ಸುಳ್ಳು. ಕಣ್ಣು ಚೆನ್ನಾಗೇ ಇದೆ. ನೀವು ಹತ್ರ ಬರಲಿ ಅಂತ ಹೇಳ್ದೆ. ನಿಮ್ಮದು ತಪ್ಪಲ್ಲ, ಮೇಡಂ ಮುಂದೆ ನಾನೇ ಬಂದು ಹೇಳ್ತೀನಿ."

"ಯಾಕೆ ಸುಳ್ಳು ಹೇಳಿದ್ರಿ ಅಂತ ಕೇಳ್ತಾರೆ. ಇಡೀ ಕ್ಲಾಸ್ ಇರುತ್ತೆ."

"ಅದನ್ನೂ ಹೇಳ್ತೀನಿ. ನಿಮ್ಮ ಮೇಲೆ ಮನಸ್ಸಾಗಿದೆ ಅಂತ."

ಅವಳು ಬೆರಳು ಹಿಂದಕ್ಕೆಳೆಯಲಿಲ್ಲ.

"ಅದನ್ನ ಮೊದಲು ನನಗೆ ಹೇಳಿ," ಎಂದಳು. "ಮೆಲ್ಲಗೆ. ಸಾಲಿನಲ್ಲಿ ನಿಮ್ಮಜ್ಜಿ ನಿಂತಿದ್ದಾರೆ."