ನಡುಗೆರೆಯಲ್ಲಿ ನಿಂತವನು

"ಕಣ್ಣು ಕಾಣಿಸಲ್ವಾ ನಿಮಗೆ?"

ಮೈದಾನದ ನಟ್ಟನಡುವೆ, ಮಣ್ಣಿನಲ್ಲಿ ಕೂತು, ಅವಳು ಅವನಿಗೆ ಹೇಳಿದ ಮೊದಲ ಮಾತು ಇದು. ಎದುರಿಗೆ ಅವನೂ ಕೂತಿದ್ದ, ಮೊಣಕೈ ತರಚಿಕೊಂಡು.

"ಚೆನ್ನಾಗೇ ಕಾಣಿಸುತ್ತೆ. ಪಾಸ್ ಬರುತ್ತೆ ಅಂತ ಕಾಯ್ತಾ ಇದ್ದೆ. ಪಾಸ್ ಬದಲು ನೀವೇ ಬಂದ್ರಿ."

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಅವಳ ಮೈಯೆಲ್ಲ ಉರಿದುಹೋಯಿತು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಊರವರ ಕಣ್ಣು ಪರೀಕ್ಷೆ ಮಾಡುವವಳು ಅವಳು. ಅಂಥವಳು ಎದುರಿಗಿದ್ದ ಆರಡಿ ಆಳನ್ನು ಕಾಣದೆ ಹೋಗಿ ಗುದ್ದಿದ್ದಳಲ್ಲ... ಅದೇ ಅವಳ ಸಿಟ್ಟಿಗೆ ಕಾರಣ.

ಅವರದು ಲ್ಯಾಕ್ರೋಸ್ ಕ್ಲಬ್ಬು. ತುದಿಗೆ ಪುಟ್ಟ ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು, ಓಡಿ, ಎಸೆದು ಗೋಲು ಹೊಡೆಯುವ ಆಟ. ಹೆಣ್ಣು ಗಂಡು ಎನ್ನದೆ ಒಂದೇ ತಂಡ, ಎಲ್ಲರೂ ಕೆಲಸ ಮುಗಿಸಿ ಸಂಜೆ ಬರುವವರು; ಬೆಳಗ್ಗೆ ಆಡುವವರದು ಬೇರೆ ತಂಡ. ಅವಳದು ಹಿಂದಿನ ಕಾವಲು. ಆದರೆ ಗೋಲು ಕಾಯುವ ಗೋಲಿಯಿಂದ ಚೆಂಡು ಸಿಕ್ಕರೆ ಸಾಕು, ಹಿಂದೆ ಮುಂದೆ ನೋಡದೆ ಓಡಿಬಿಡುತ್ತಿದ್ದಳು. ಹಾಗಾಗಿ ತಂಡ ಅವಳಿಗೆ ಇಟ್ಟ ಹೆಸರು ಬುಲೆಟ್. ಮೈದಾನದ ನಡುಭಾಗದಲ್ಲಿ ಆಡಲು ಹೊಸದಾಗಿ ಸೇರಿದ ಅವನು ಲಿಫ್ಟ್ ರಿಪೇರಿ ಮಾಡುವವನು. ಅವನಿಗೆ ಹೆಸರು ಹುಡುಕುವ ಕಷ್ಟವೂ ಯಾರಿಗೂ ಬೀಳಲಿಲ್ಲ. ಲಿಫ್ಟ್ ಅಂತಲೇ ಕರೆದರು.

ಕೋಚ್ ಮೇಡಂಗೆ ಒಂದೇ ಒಂದು ಹುಚ್ಚು. ಚೆಂಡು ನಮ್ಮ ಕೈಗೆ ಸಿಕ್ಕಿದಾಗಿನಿಂದ ಎದುರಾಳಿಯ ಗೋಲು ಮುಟ್ಟುವವರೆಗಿನ ಆ ನಡುವಿನ ಹೊತ್ತಿದೆಯಲ್ಲ, ಆಟ ಗೆಲ್ಲುವುದೂ ಸೋಲುವುದೂ ಅಲ್ಲೇ ಎನ್ನುತ್ತಿದ್ದರು. ವಿಸಲ್ ಊದಿದ ಕೂಡಲೇ ಗೋಲಿ ಚೆಂಡು ಎಸೆಯಬೇಕು, ಕಾವಲಿನವರು ಅಗಲಕ್ಕೆ ಹರಡಿಕೊಳ್ಳಬೇಕು, ನಡುವಿನವರು ಓಡಿಬಂದು ಚೆಂಡು ಪಡೆದು ಮುಂದಕ್ಕೆ ದಾಟಿಸಬೇಕು. ಚೆಂಡು ಕೈತಪ್ಪಿದರೆ ಅದೇ ವೇಗದಲ್ಲಿ ಎಲ್ಲರೂ ಹಿಂದಕ್ಕೆ. ಮತ್ತೆ ವಿಸಲ್... ಮತ್ತೆ ಮೊದಲಿನಿಂದ.

ಅವಳಿಗೆ ಓಡುವುದೆಂದರೆ ಪ್ರಾಣ. ಪಾಸ್ ಕೊಡುವುದೆಂದರೆ ಮಾತ್ರ ಜೀವ ಹೋದ ಹಾಗೆ. ನಿಶ್ಚಯವಾಗಿದ್ದ ಮದುವೆಯನ್ನು ಗಂಡಿನ ಕಡೆಯವರು ಒಂದು ಫೋನಿನಲ್ಲಿ ಮುರಿದುಕೊಂಡ ಮೇಲೆ, ತನ್ನ ಕೈಯಲ್ಲಿರುವುದು ತನ್ನ ಕೈಯಲ್ಲೇ ಇದ್ದರೆ ಕ್ಷೇಮ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಆಟಕ್ಕೂ ಅದೇ, ಬಾಳಿಗೂ ಅದೇ.

ಲಿಫ್ಟ್ ಅದಕ್ಕೆ ತಕರಾರು ಮಾಡಲಿಲ್ಲ. ಅವಳು ಪಾಸ್ ಕೊಡದಿದ್ದರೂ ಪಕ್ಕದಲ್ಲೇ ಓಡಿದ. ಗೋಲಿನವರೆಗೂ ಓಡಿದ. ಒಂದು ಸಂಜೆ ಇಬ್ಬರು ಅಡ್ಡ ಬಂದಾಗ ಅವಳು ತನಗೇ ಗೊತ್ತಿಲ್ಲದೆ ಚೆಂಡನ್ನು ಅವನತ್ತ ಎಸೆದಳು. ಅವನು ಹಿಡಿದ. ಮರುಗಳಿಗೆ ಚೆಂಡು ಅವಳ ಕೋಲಿನ ಬಲೆಗೇ ವಾಪಸು ಬಂತು, ಅವಳು ಎಸೆದಳು. ಗೋಲು!

ಆವತ್ತಿನಿಂದ ಬಸ್‌ಸ್ಟಾಪಿನವರೆಗೆ ಜೊತೆ ನಡಿಗೆ. 'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ತಿಳಿಯದು. ಮನೆಯಲ್ಲಿ ಅತ್ತಿಗೆ ಮಾತ್ರ, ಆಟ ಆಡಿ ಬರುವವರ ಮುಖ ಸುಸ್ತಾಗಿರಬೇಕು, ಇವಳದೇನು ಇಷ್ಟು ಹೊಳೀತಿದೆ ಎಂದು ಬೇಕೆಂದೇ ಅಣ್ಣನಿಗೆ ಕೇಳಿಸುವ ಹಾಗೆ ಹೇಳುತ್ತಿದ್ದಳು.

ಕೊನೆಗೊಂದು ದಿನ ಬಸ್ಸು ಹತ್ತುವಾಗ ಧೈರ್ಯ ಮಾಡಿ ಕೇಳಿಯೇಬಿಟ್ಟಳು. "ನೀನು ಯಾವಾಗ್ಲೂ ಹೀಗೇ ಜೊತೇಲಿ ಓಡ್ತೀಯಾ ತಾನೇ?"

ಅವನು ನಕ್ಕ. ಉತ್ತರ ಕೊಡುವಷ್ಟರಲ್ಲಿ ಬಸ್ಸು ಹೊರಟುಹೋಯಿತು.

ಮರುದಿನ ಅಂಗಡಿಗೆ ಕಣ್ಣು ಪರೀಕ್ಷೆಯ ಹೊಸ ಯಂತ್ರ ಬಂತು. ಅದನ್ನು ಕಲಿಯಲು ಕೂತವಳಿಗೆ ಪ್ರಾಕ್ಟೀಸಿಗೆ ಹೋಗಲಾಗಲಿಲ್ಲ. ಅದರ ಮಾರನೆಯ ದಿನ ಹೋದರೆ, ಇಷ್ಟು ದಿನದ ಚಿಕ್ಕ ಮೈದಾನ ಬಿಟ್ಟು ಎಲ್ಲರೂ ದೊಡ್ಡ ಮೈದಾನದಲ್ಲಿದ್ದರು. ದೊಡ್ಡ ಟೂರ್ನಮೆಂಟಿಗೆ ಹೆಸರು ಕೊಟ್ಟಾಗಿತ್ತು. ವಿಸಲ್ ಆಯಿತು. ಅವಳು ಚೆಂಡು ಹಿಡಿದು ಓಡಿದಳು, ಅವನು ಪಕ್ಕದಲ್ಲಿ ಓಡಿದ. ಮೈದಾನವನ್ನು ಎರಡು ಮಾಡುವ ನಡುಗೆರೆ ಬಂತು...

ಅವನು ಗಕ್ಕನೆ ನಿಂತುಬಿಟ್ಟ.

ಅವಳು ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದಳು. ಗೆರೆಯ ಆಚೆಯೇ ಕೋಲು ಊರಿಕೊಂಡು ನಿಂತಿದ್ದ. ಮುಂದಿನ ಸಲವೂ ಹಾಗೆಯೇ. ಆ ಸಂಜೆಯೆಲ್ಲ ಹಾಗೆಯೇ.

ನೀರು ಕುಡಿಯುವ ನೆಪದಲ್ಲಿ ಗೋಲಿಯ ಹತ್ತಿರ ಹೋಗಿ, ಲಿಫ್ಟ್ ಯಾಕೆ ನಿಲ್ಲುತ್ತಾನೆ ಎಂದು ಕೇಳಿದಳು.

"ಅಯ್ಯೋ, ಅದಾ? ನಾನು ಹಿಂದೇನೇ ನಿಲ್ತೀನಿ ಅಂತ ಅವನೇ ಮೇಡಂ ಹತ್ರ ಹೋಗಿ ಕೇಳ್ಕೊಂಡ," ಎಂದು ಗೋಲಿ ಬಾಟಲಿ ಮುಚ್ಚಿ ಹೊರಟುಹೋದ.

ಅವನೇ ಕೇಳಿಕೊಂಡನಾ? ನಾನು ಬಾಯಿಬಿಟ್ಟು ಕೇಳಿದ್ದಕ್ಕೆ ಇದಾ ಉತ್ತರ? ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರೆ. ಒಮ್ಮೆ ಬೇಡವೆನಿಸಿಕೊಂಡ ಮನಸ್ಸಿನ ಪಾಡೂ ಅಷ್ಟೇ. ಆವತ್ತು ಅವನಿಗೆ ಕಾಯದೆ ಬಸ್ಸು ಹತ್ತಿದಳು. ಆಮೇಲೆ ಅವನು ಫೋನ್ ಮಾಡಿದರೆ ಎತ್ತಲಿಲ್ಲ, ಎದುರು ಬಂದರೆ ಮಾತಾಡಲಿಲ್ಲ. ಬೆಳಗಿನ ತಂಡಕ್ಕೆ ಹಾಕಿಬಿಡಿ ಎಂದು ಮೇಡಂಗೆ ಹೇಳಿಯೂ ಬಂದಳು. ಸಂಜೆಯ ತಂಡದಲ್ಲಿ ಇದೇ ಕೊನೆಯ ದಿನ. ನಾಳೆಯಿಂದ ಅವನ ಮುಖ ನೋಡುವ ಕೆಲಸವಿಲ್ಲ.

ಕೊನೆಯ ವಿಸಲ್ ಆಯಿತು. ಚೆಂಡು ಬಂತು, ಓಡಿದಳು. ನಡುಗೆರೆಯಲ್ಲಿ ಅವನು ನಿಂತ.

ಅವಳೂ ನಿಂತಳು.

"ಓಡು! ಯಾಕೆ ನಿಂತೆ?"

"ನೀನು ಯಾಕೆ ನಿಲ್ತೀಯ? ಅದನ್ನ ಹೇಳು ಮೊದ್ಲು."

"ನಾನು ನಿಲ್ಲದಿದ್ರೆ ನೀನು ಹೇಗೆ ದಾಟೋದು?"

ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಅವನಿಗೆ ಅವಳ ಮುಖ ಅರ್ಥವಾಗಲಿಲ್ಲ. ಆಮೇಲೆ ಅವನೇ ನಿಧಾನವಾಗಿ ಕೇಳಿದ, "ದೊಡ್ಡ ಮೈದಾನದ ರೂಲ್ಸ್ ಯಾರೂ ಹೇಳ್ಲಿಲ್ವಾ ನಿನಗೆ?"

ಯಾರೂ ಹೇಳಿರಲಿಲ್ಲ. ಯಾರಾದರೂ ಹೇಳಿರುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ದೊಡ್ಡ ಮೈದಾನದಲ್ಲಿ ಗೋಲಿ ಸೇರಿ ನಾಲ್ಕು ಜನ ಯಾವಾಗಲೂ ತಮ್ಮ ಅರ್ಧದಲ್ಲೇ ಇರಬೇಕು. ಕಾವಲಿನವರು ಗೆರೆ ದಾಟಿ ಹೋದರೆ, ನಡುವಿನವರೊಬ್ಬರು ಅವರ ಬದಲಿಗೆ ಹಿಂದೆ ಉಳಿಯಬೇಕು. ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಅದಕ್ಕೇ ಮೇಡಂ ಮೊದಲು, ಬುಲೆಟ್ ಗೆರೆಯ ಹತ್ತಿರ ಪಾಸ್ ಕೊಟ್ಟು ನಿಂತುಬಿಡಲಿ ಎಂದಿದ್ದರಂತೆ.

"ನೀನು ನಿಲ್ಲೋದಾ?" ಅವನು ತಲೆ ಅಲ್ಲಾಡಿಸಿದ. "ಅವಳು ಓಡ್ಲಿ ಮೇಡಂ, ಅವಳ ಬದಲು ನಾನು ನಿಲ್ತೀನಿ ಅಂದೆ. ನಿನ್ನ ಕೇಳದೆ ಹೇಳಿದ್ದು ತಪ್ಪೇ. ಅದಕ್ಕೇ ಸಿಟ್ಟು ಬಂದಿದೆ ಅಂತ ಅಂದ್ಕೊಂಡೆ."

"ಹಿಂದೆ ನಿಂತ್ರೆ ನಿನಗೆ ಒಂದು ಗೋಲೂ ಸಿಗಲ್ಲ."

"ಸಿಗದಿದ್ರೆ ಬೇಡ. ನೀನು ಓಡೋದನ್ನ ನೋಡೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ."

ಅವಳಿಗೆ ನಗು ಬಂತು. ಅದರ ಬೆನ್ನಿಗೇ ಅಳುವೂ ಬಂತು. ಎದೆಯ ಮೇಲೆ ಕೂತಿದ್ದ ಬೆಟ್ಟ ಇಳಿದುಹೋಗಿ, ಎಷ್ಟೋ ದಿನಗಳ ಮೇಲೆ ಉಸಿರು ಸಲೀಸಾಗಿ ಓಡಾಡಿತು. ಯಾರೂ ಅವಳನ್ನು ಬೇಡವೆಂದಿರಲಿಲ್ಲ! ದೂರದಿಂದ ಮೇಡಂ ವಿಸಲ್ ಊದುತ್ತಲೇ ಇದ್ದರು. ಇಬ್ಬರೂ ಕದಲಲಿಲ್ಲ.

"ಬೆಳಗಿನ ತಂಡಕ್ಕೆ ಹೋಗ್ತೀನಿ ಅಂತ ಹೇಳ್ಬಿಟ್ಟಿದ್ದೀನಿ ಕಣೋ," ಎಂದಳು ಕಣ್ಣೊರೆಸಿಕೊಂಡು.

ಅವನ ಮುಖ ಬಿಳಿಚಿಕೊಂಡಿತು. "ನನ್ನ ಬಿಟ್ಟಾ?"

"ಈಗಲೇ ಹೋಗಿ ಇಲ್ಲ ಅಂತ ಹೇಳ್ತೀನಿ. ನಿನ್ನ ಬಿಟ್ಟು ಇರೋಕೆ ಆಗಲ್ಲ ನನಗೆ. ನೀನಂದ್ರೆ ಅಷ್ಟು ಇಷ್ಟ... ಗೊತ್ತಾಗಲ್ವಾ?"

"ಗೊತ್ತಿತ್ತು. ನಿನ್ನ ಬಾಯಲ್ಲಿ ಕೇಳ್ಬೇಕಿತ್ತು." ಅವನು ಒಂದು ಹೆಜ್ಜೆ ಹತ್ತಿರ ಬಂದ. "ನನಗೂ ಅಷ್ಟೇ. ನಿನಗಿಂತ ಒಂದು ಕೈ ಜಾಸ್ತೀನೇ."

"ಹಾಗಾದ್ರೆ ಆಟದಲ್ಲಿ ನಿಂತ್ಕೋ. ಆಟ ಮುಗಿದ ಮೇಲೆ ನನ್ನ ಜೊತೆ ಬಾ."

"ಎಲ್ಲಿಗೆ?"

"ನಮ್ಮನೆಗೆ. ಅಮ್ಮನ ಹತ್ರ ಮಾತಾಡ್ಬೇಕು."

"ಇವತ್ತೇನಾ? ಈ ಮಣ್ಣು ಮೆತ್ತಿದ ಬಟ್ಟೇಲಾ?"

"ಇವತ್ತೇ," ಎಂದು ಅವಳು ಎಲ್ಲರೆದುರೇ ಅವನ ಕೈ ಹಿಡಿದಳು. "ಅಮ್ಮ ಬೈದ್ರೆ ಇಬ್ಬರೂ ಬೈಸ್ಕೊಳ್ಳೋಣ."