ನಡುವಿನ ಎಂಟು ಪುಟ

‘ಮುಖಪುಟ ಚೆನ್ನಾಗಿದೆ.’

ಅವನು ಬರೆದ ಏಕೈಕ ಕಾದಂಬರಿಯ ಬಗ್ಗೆ, ಅದನ್ನು ಬಿಡುಗಡೆ ಮಾಡಲು ಬಂದಿದ್ದ ಹಿರಿಯ ಸಾಹಿತಿ, ಆ ಮುದುಕ, ಆಡಿದ್ದು ಇಷ್ಟೇ. ಅದೂ ಬಿಡುಗಡೆಯ ದಿನ, ಮೈಕಿನ ಮುಂದೆ, ನೂರೈವತ್ತು ಜನರ ಎದುರಿಗೆ. ಸಭೆ ಗೊಳ್ಳೆಂದು ನಕ್ಕಿತು. ಮುಖಪುಟದ ಚಿತ್ರ ಬರೆದ ಕಲಾವಿದ ಎದ್ದು ನಿಂತು ಕೈಮುಗಿದ. ಮೊದಲ ಸಾಲಿನಲ್ಲಿ ಕೂತಿದ್ದ ತನ್ನ ಹೆಂಡತಿಯೂ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡದ್ದನ್ನು ಅವನು ಕಂಡ. ಹತ್ತೊಂಬತ್ತು ವರ್ಷ ಕಳೆದರೂ ಆ ನಗು ಅವನ ಕಿವಿ ಬಿಟ್ಟು ಹೋಗಿರಲಿಲ್ಲ.

ಆಮೇಲೆ ಅವನು ಕಾದಂಬರಿ ಬರೆಯಲಿಲ್ಲ. ಬರೆದವರ ಚರ್ಮ ಸುಲಿಯುವುದನ್ನೇ ಕಸುಬು ಮಾಡಿಕೊಂಡ. ಭಾನುವಾರದ ಪುರವಣಿಯಲ್ಲಿ ‘ಹಳೆಯ ನಾಳೆಗಳು’ ಎಂಬ ಅಂಕಣ ಅವನದು. ಅರವತ್ತರ ದಶಕದ ವಿಜ್ಞಾನ ಕತೆಗಳ ಪುಸ್ತಕ, ಮಾಸಪತ್ರಿಕೆಗಳ ವಿಮರ್ಶೆ. ಬಲ್ಬಿನ ಕಣ್ಣಿನ ಯಂತ್ರಮಾನವರು, ಜೀರುಂಡೆಯಂಥ ರಾಕೆಟ್ಟುಗಳು, ಎರಡು ಸಾವಿರದ ಇಸವಿಯೊಳಗೆ ಮಂಗಳ ಗ್ರಹಕ್ಕೆ ಬಸ್ಸು ಓಡುತ್ತದೆ ಎಂದು ಬರೆದಿಟ್ಟು ಹೋದ ಮಹಾನುಭಾವರು, ವಾರಕ್ಕೊಬ್ಬರಂತೆ ಎಲ್ಲರನ್ನೂ ಅರೆದು ನುಣ್ಣಗೆ ಮಾಡಿದ್ದ. ಸತ್ತವರು ಉತ್ತರ ಬರೆಯುವುದಿಲ್ಲ. ಆ ಕೆಲಸದ ಸುಖವೇ ಅದು.

ಸಾಯದೆ ಉಳಿದವನು ಮುದುಕ ಒಬ್ಬನೇ. ಅರವತ್ತೆಂಟನೇ ಇಸವಿಯಲ್ಲಿ ಬಂದ ಅವನ ಕಾದಂಬರಿ ಇನ್ನೂ ಮಾರಾಟವಾಗುತ್ತಿತ್ತು. ಸಾವೇ ಇಲ್ಲದ ಗ್ರಹದಲ್ಲಿ ಜನ ಒಂದು ರೋಗಕ್ಕಾಗಿ ಒಬ್ಬ ವೈದ್ಯೆಯ ಮುಂದೆ ಸಾಲು ನಿಲ್ಲುವ ಕತೆ. ಶಾಲೆಯ ಮಕ್ಕಳಿಗೂ ಗೊತ್ತಿದ್ದ ಕತೆ. ಈಗ ಎಪ್ಪತ್ತೆಂಟರ ವಯಸ್ಸಿಗೆ ಜೀವಮಾನದ ಪ್ರಶಸ್ತಿ ಘೋಷಣೆಯಾಯಿತು. ಪ್ರದಾನ ಏಳು ತಿಂಗಳ ನಂತರ.

‘ಸಾರ್, ಅಭಿನಂದನೆ ಲೇಖನ ನೀವೇ ಬರೀಬೇಕು,’ ಎಂದು ಪುರವಣಿಯ ಸಂಪಾದಕಿ ಫೋನ್ ಮಾಡಿದಳು. ‘ಆ ಕಾಲದ ಬಗ್ಗೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?’

‘ಬರೀತೀನಮ್ಮ,’ ಎಂದ ಅವನು. ‘ಯಾರೂ ಮರೆಯಬಾರದು, ಹಾಗೆ ಬರೀತೀನಿ.’

ಕೊಲ್ಲುವ ಯೋಚನೆ ಅವನದಾಗಿರಲಿಲ್ಲ. ಕೊಂದರೆ ಮುದುಕನ ಪ್ರತಿಮೆ ನಿಲ್ಲಿಸುತ್ತಾರೆ. ಮುದುಕನನ್ನು ಕಳ್ಳನನ್ನಾಗಿ ಮಾಡಬೇಕಿತ್ತು.

ಅದಕ್ಕೆ ಬೇಕಾದದ್ದು ಅವನ ಕಪಾಟಿನಲ್ಲೇ ಇತ್ತು. ಅರವತ್ತಮೂರರಲ್ಲಿ ಶುರುವಾಗಿ, ಹದಿನಾಲ್ಕು ಸಂಚಿಕೆ ಕಂಡು ಅರವತ್ತನಾಲ್ಕರಲ್ಲಿ ಕಣ್ಣುಮುಚ್ಚಿದ ಒಂದು ಮಾಸಪತ್ರಿಕೆಯ ಹನ್ನೊಂದನೇ ಸಂಚಿಕೆ. ಕಾಗದ ಉಳಿಸಲು ಅದರ ಸಂಪಾದಕ ಪರಿವಿಡಿಯನ್ನೇ ಕೈಬಿಟ್ಟಿದ್ದ. ಅರ್ಧ ಬರಹಗಳಿಗೆ ಲೇಖಕರ ಹೆಸರೂ ಇರುತ್ತಿರಲಿಲ್ಲ. ಈಗ ಸಂಪಾದಕ ಸತ್ತಿದ್ದ, ಮುದ್ರಣಾಲಯವಿದ್ದ ಜಾಗದಲ್ಲಿ ಟೈರಿನ ಅಂಗಡಿ ಎದ್ದಿತ್ತು. ಗ್ರಂಥಾಲಯದಲ್ಲಿದ್ದ ಪ್ರತಿ ಗೆದ್ದಲಿನ ಪಾಲಾಗಿತ್ತು. ಪತ್ರಿಕೆ ಹೊಲಿದದ್ದು ಎರಡೇ ಎರಡು ಪಿನ್ನುಗಳಿಂದ. ಪಿನ್ನು ಬಿಚ್ಚಿದರೆ ನಡುವಿನ ಎರಡು ಹಾಳೆ, ಅಂದರೆ ಎಂಟು ಪುಟ, ಸಲೀಸಾಗಿ ಕೈಗೆ ಬರುತ್ತಿತ್ತು. ಆ ಎಂಟು ಪುಟದ ಜಾಗಕ್ಕೆ ಅವನದೇ ಎಂಟು ಪುಟ ಬರಬೇಕು. ಸಾವಿಲ್ಲದ ಗ್ರಹ, ರೋಗದ ಸಾಲು, ಅದೇ ವೈದ್ಯೆ. ಮುದುಕನ ಕಾದಂಬರಿಗಿಂತ ನಾಲ್ಕು ವರ್ಷ ಮೊದಲು, ಹೆಸರಿಲ್ಲದ ಯಾರೋ ಬಡಪಾಯಿ ಬರೆದ ಕತೆ.

ಮೊದಲು ಅವನು ತನ್ನ ಬೆನ್ನು ಕಾಯ್ದುಕೊಂಡ. ಮೂರು ಗ್ರಂಥಾಲಯ, ಇಬ್ಬರು ಸಂಗ್ರಾಹಕರ ಪಟ್ಟಿ, ಆ ಕಾಲದ ಬಗ್ಗೆ ಬೇರೆಯವರು ಬರೆದ ಪ್ರತಿಯೊಂದು ಪುಸ್ತಕ ಜಾಲಾಡಿದ. ಹನ್ನೊಂದನೇ ಸಂಚಿಕೆಯ ಬಗ್ಗೆ ಅವರಲ್ಲಿ ಯಾರೊಬ್ಬರೂ ಒಂದಕ್ಷರ ಬರೆದಿರಲಿಲ್ಲ. ಆಮೇಲೆ ಮುಚ್ಚುತ್ತಿದ್ದ ಒಂದು ಹಳೇ ಮುದ್ರಣಾಲಯ ಹುಡುಕಿದ.

‘ಈ ಅಚ್ಚಿನ ಮೊಳೆ ತಗೊಂಡು ಏನ್ಮಾಡ್ತೀರಾ ಸ್ವಾಮಿ? ಕರಗಿಸೋಕೂ ಯಾರೂ ಕೇಳ್ತಿಲ್ಲ,’ ಎಂದ ಮುದ್ರಕ.

‘ಮೊಮ್ಮಕ್ಕಳಿಗೆ ತೋರಿಸೋಕೆ,’ ಎಂದ. ಅವನಿಗೆ ಮಕ್ಕಳೇ ಇರಲಿಲ್ಲ.

ಎರಡು ಪೆಟ್ಟಿಗೆ ಸೀಸದ ಮೊಳೆ, ಒಂದು ಕೈಯಂತ್ರ, ಅಟ್ಟದಲ್ಲಿ ಹಳದಿಗಟ್ಟಿ ಬಿದ್ದಿದ್ದ ಒಂದು ಕಟ್ಟು ಕಾಗದ ಅವನ ಕಾರ್ ಶೆಡ್ಡಿಗೆ ಬಂದವು. ಗುಟ್ಟು ಎರಡನೇ ಕಿವಿಗೆ ಬಿದ್ದರೆ ಸಂತೆಗೆ ಬಿದ್ದಂತೆ. ಆದ್ದರಿಂದ ಅಕ್ಷರ ಜೋಡಿಸುವುದನ್ನು ತಾನೇ ಕಲಿತ. ಐದು ತಿಂಗಳು ಹಿಡಿಯಿತು. ಮೂಲ ಪತ್ರಿಕೆಯಲ್ಲಿ ‘ಳ’ಕಾರದ ಬಾಲ ಮುರಿದಿತ್ತು, ಅರ ಹಿಡಿದು ತನ್ನ ‘ಳ’ಗಳ ಬಾಲವನ್ನೂ ಮುರಿದ. ದೀಪದ ಮಸಿಗೆ ಅಗಸೆ ಎಣ್ಣೆ ಬೆರೆಸಿ ಶಾಯಿ ಕಾಸಿದ. ಕತೆಯನ್ನು ಬೇಕೆಂದೇ ಒರಟಾಗಿ ಬರೆದ, ಆ ಕಾಲದವರು ಮಾಡುತ್ತಿದ್ದ ಕಾಗುಣಿತದ ತಪ್ಪುಗಳನ್ನೂ ಬಿಡದೆ ಹಾಕಿದ.

‘ಏನ್ರೀ ಇದು, ಚಿಲಕದ ಮೇಲೆಲ್ಲಾ ಮಸಿ?’ ಎಂದು ಹೆಂಡತಿ ಕೇಳಿದಳು. ‘ಈ ವಯಸ್ಸಲ್ಲಿ ಗಂಡಸರು ಗಿಡ ಬೆಳೆಸ್ತಾರೆ.’

‘ನಾನು ಒಂದು ಮರ ಕಡೀತಾ ಇದೀನಿ.’

ಅವಳು ಒಂದು ಕ್ಷಣ ಅವನ ಮುಖ ನೋಡಿದಳು. ‘ಇನ್ನೂ ಆ ಮುಖಪುಟದ ಮಾತಾ? ಬಿಟ್ಟುಬಿಡಿ ಅಂದ್ರೆ.’

ಅವನು ಶೆಡ್ಡಿನ ಬಾಗಿಲು ಎಳೆದುಕೊಂಡ.

ಒಂದು ಮಧ್ಯಾಹ್ನ ಪಿನ್ನು ಬಿಚ್ಚಿ, ಹೊಸ ಹಾಳೆಗಳನ್ನಿಟ್ಟು, ಅದೇ ತುಕ್ಕುಹಿಡಿದ ಪಿನ್ನನ್ನು ಅದೇ ತೂತಿಗೆ ತುರುಕಿದ. ಕಿತ್ತ ಎಂಟು ಪುಟದ ಮೇಲೆ ಕಣ್ಣೂ ಹಾಯಿಸದೆ ಒಲೆಗೆ ಹಾಕಿದ. ಅವನಿಗೆ ಅವು ಬರೀ ಜಾಗ.

ಲೇಖನ ಪ್ರಶಸ್ತಿಗೆ ಎರಡು ವಾರ ಮೊದಲು ಬಂತು. ಬೈಗುಳವಿಲ್ಲ, ಆವೇಶವಿಲ್ಲ, ಎಡಕ್ಕೆ ಪತ್ರಿಕೆಯ ಸಾಲು, ಬಲಕ್ಕೆ ಕಾದಂಬರಿಯ ಸಾಲು. ‘ತೀರ್ಪು ಓದುಗರಿಗೆ ಬಿಟ್ಟದ್ದು, ನನಗೆ ನೋವಾಗಿದೆ,’ ಎಂದು ಮುಗಿಸಿದ್ದ. ಆ ಕೊನೆಯ ಪದ ಬರೆಯುವಾಗ ಅವನಿಗೆ ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಹಸಿವಾಗಿತ್ತು. ಸೋಮವಾರವೇ ಪ್ರಶಸ್ತಿ ಸಮಿತಿ ಸಮಾರಂಭ ತಡೆಹಿಡಿಯಿತು. ಹಳೇ ಕಾಗದ ಬಲ್ಲ ತಜ್ಞನೊಬ್ಬ ಹಾಳೆಗಳನ್ನು ಬೆಳಕಿಗೆ ಹಿಡಿದು, ಅರವತ್ತರ ದಶಕದ್ದೇ ಎಂದು ಬರೆದುಕೊಟ್ಟ. ಒಂಬತ್ತನೇ ದಿನ ಸಂಪಾದಕಿ ಇಬ್ಬರನ್ನೂ ತನ್ನ ಕೋಣೆಗೆ ಕರೆದಳು.

ಮುದುಕ ಊರುಗೋಲು ಗೋಡೆಗೆ ಒರಗಿಸಿ ಕೂತ. ಮೇಜಿನ ಮೇಲಿದ್ದ ಪತ್ರಿಕೆಯನ್ನು ಮುಟ್ಟಲೂ ಇಲ್ಲ. ಸೋತ ಮುಖ ಹೀಗಿರುತ್ತದೆ ಎಂದುಕೊಂಡ ಅವನು, ಆಸೆಯಿಂದ ನೋಡಿದ.

‘ಇದು ಎಷ್ಟು ವರ್ಷದಿಂದ ನಿಮ್ಮ ಹತ್ರ ಇದೆ?’ ಎಂದು ಮುದುಕ ಕೇಳಿದ.

‘ಇಪ್ಪತ್ತಮೂರು ವರ್ಷ. ಬೇರೆ ಯಾರೂ ಮುಟ್ಟಿಲ್ಲ.’

‘ಮಧ್ಯೆ ಹಾಳೆ ಕಳೆದುಹೋಗೋದು, ಬೇರೆದು ಸೇರಿಕೊಳ್ಳೋದು, ಅಂಥದ್ದೇನೂ ಆಗಿಲ್ಲ?’

‘ಕೊಂಡ ದಿನ ಹೇಗಿತ್ತೋ ಹಾಗೇ ಇದೆ. ಬೇಕಾದ್ರೆ ಬರೆದು ಸಹಿ ಹಾಕ್ತೀನಿ,’ ಎಂದ. ಸಂಪಾದಕಿ ಹಾಳೆ ಮುಂದಿಟ್ಟಳು. ಅವನು ಬರೆದ, ದಿನಾಂಕ ಹಾಕಿದ, ಸಹಿ ಎಳೆದ.

ಮುದುಕ ತಲೆಯಾಡಿಸಿ ಜೇಬಿನಿಂದ ಒಂದು ಲಕೋಟೆ ತೆಗೆದ. ‘ಇದು ನಿಮ್ಮ ಮೊದಲನೇ ವಿಮರ್ಶೆ ಇರಬೇಕು, ಇಪ್ಪತ್ತಮೂರು ವರ್ಷದ ಹಿಂದಿನದು. ನಾಲ್ಕು ವಾರಕ್ಕೆ ನಿಂತುಹೋದ ಒಂದು ಚಿಕ್ಕ ವಾರಪತ್ರಿಕೆಯಲ್ಲಿ ಬಂದಿತ್ತು. ಬಹಳ ಚೆನ್ನಾಗಿ ಬರೆದಿದ್ರಿ, ಅದಕ್ಕೇ ಕತ್ತರಿಸಿ ಇಟ್ಕೊಂಡಿದ್ದೆ.’ ಸಂಪಾದಕಿ ಆ ಹಳದಿ ಚೂರನ್ನು ಬಿಡಿಸಿ ಗಟ್ಟಿಯಾಗಿ ಓದಿದಳು: ‘ಈ ವಾರ ರದ್ದಿ ಅಂಗಡಿಯಲ್ಲಿ ನನಗೆ ಸಿಕ್ಕ, ಅರವತ್ತನಾಲ್ಕರ ಈ ಮಾಸಪತ್ರಿಕೆಯ ಹನ್ನೊಂದನೇ ಸಂಚಿಕೆಯಲ್ಲಿ ಕತೆ ಎಂದು ಹೇಳಬಹುದಾದ ಒಂದೇ ಒಂದು ಕತೆಯೂ ಇಲ್ಲ. ನಡುವಿನ ಎಂಟು ಪುಟಗಳನ್ನಂತೂ ಸಂಪಾದಕರು ಚಂದ್ರನ ಮೇಲೆ ಆಲೂಗಡ್ಡೆ ಬೆಳೆಯುವ ಲೇಖನಕ್ಕೆ ದಾನ ಮಾಡಿದ್ದಾರೆ. ಇಡೀ ಸಂಚಿಕೆಯಲ್ಲಿ ಓದಲು ಯೋಗ್ಯವಾದದ್ದು ಆ ಆಲೂಗಡ್ಡೆಯೇ.’ ಅವಳು ಚೂರನ್ನು ಅವನತ್ತ ತಿರುಗಿಸಿದಳು. ಚೂರಿನ ಕೆಳಗೆ, ದಪ್ಪ ಅಕ್ಷರದಲ್ಲಿ, ಅವನದೇ ಹೆಸರಿತ್ತು.