ಏಕಾಂತಯ್ಯನ ಅಂಗಡಿಯ ನಕ್ಷತ್ರ ಆಮೆಗಳು

"ಆಮೆಗಳೆಲ್ಲ ಸತ್ತೋಗವೆ ಕಣಮ್ಮ! ನಾನೇ ವಿಷ ಹಾಕಿದೆ ಅಂತ ಅಂಗಡಿ ಯಜಮಾನ್ರು ಕೆಲಸದಿಂದ ತೆಗೆದವ್ರೆ, ಪೊಲೀಸಿಗೂ ಹೇಳ್ತಾರಂತೆ!"

೧೯೫೯ರ ಡಿಸೆಂಬರಿನ ಒಂದು ಬೆಳಗ್ಗೆ ಉಮಾಮಹೇಶ್ವರಿ ಹೀಗೆ ಕೂಗುತ್ತ ಕೌಸಲ್ಯಮ್ಮನವರ ಜಗಲಿ ಹತ್ತಿದಳು. ಕೌಸಲ್ಯಮ್ಮ ನಿವೃತ್ತ ನರ್ಸ್. ತುಮಕೂರಿನಲ್ಲಿ ಯಾರಿಗೆ ಯಾವ ಒಗಟು ಬಿಡಿಸಲಾಗದಿದ್ದರೂ ಅವರ ಬಳಿ ಬರುತ್ತಿದ್ದರು. ಅವರ ಮಹಡಿಯ ಬಾಡಿಗೆದಾರ, ಟೈಪಿಂಗ್ ಮೇಷ್ಟ್ರು ಜಯರಾಮಯ್ಯನಾದ ನಾನು, ಅಂಥ ಕಡೆಗೆಲ್ಲ ಅವರ ಬೆನ್ನಿಗೇ ಹೋಗುತ್ತಿದ್ದೆ.

ಉಮಾ ಕೆಲಸ ಮಾಡುತ್ತಿದ್ದುದು ಏಕಾಂತಯ್ಯನ ಗಿಳಿ, ಮೀನುಗಳ ಅಂಗಡಿಯಲ್ಲಿ. ಅಲ್ಲಿ ನಕ್ಷತ್ರ ಆಮೆಗಳನ್ನೂ ಮಾರುತ್ತಿದ್ದರು. ನೆಲದ ಮೇಲೆ ಬದುಕುವ ಪ್ರಾಣಿಗಳನ್ನು ನೀರಿನ ತೊಟ್ಟಿಯಲ್ಲಿಟ್ಟು ಕೊಲ್ಲುತ್ತೀರೆಂದು ಅವಳು ದಿನವೂ ಜಗಳವಾಡಿ, ಕಡೆಗೆ ಒಣಮರಳಿನ ಪೆಟ್ಟಿಗೆ ಮಾಡಿಸಿ, ಚಳಿಗೆಂದು ಮೇಲೊಂದು ಬಲ್ಬು ತೂಗುಹಾಕಿಸಿದ್ದಳು. ಅಂದಿನಿಂದ ಒಂದು ಆಮೆಯೂ ಸತ್ತಿರಲಿಲ್ಲ.

ನಾವು ಹೋದಾಗ ಏಕಾಂತಯ್ಯ ಕೈಚೀಲ ಹಿಡಿದೇ ನಿಂತಿದ್ದ.

"ನಿನ್ನೆ ಸಂಜೆ ಇವಳು ಸೊಪ್ಪು ಹಾಕಿ ಹೋದ್ಮೇಲೆ ನಾನೇ ಬೀಗ ಹಾಕ್ಕೊಂಡು ಕುಣಿಗಲ್‌ಗೆ ಹೋದೆ. ಆಗ ಎಲ್ಲ ಓಡಾಡ್ಕೊಂಡಿದ್ವು. ಈಗ ಬಸ್ಸಿಳಿದು ಬಂದೆ, ಇವಳೂ ಬಂದ್ಲು, ನೋಡಿದ್ರೆ ಹಿಂಗೆ!"

"ಬಾಗ್ಲು ತೆಗೆದಿದ್ಯಾರು?" ಕೌಸಲ್ಯಮ್ಮ ಕೇಳಿದರು.

"ನಾನು," ಎಂದ ಸದಾಶಿವಯ್ಯ. ಹಳ್ಳಿಗಳಿಂದ ಪ್ರಾಣಿ ಹಿಡಿಸಿ ತರುವುದು ಅವನ ಕೆಲಸ. "ಇನ್ನೊಂದು ಬೀಗದ ಕೈ ನನ್ ಹತ್ರಾನೇ ಇರ್ತದೆ. ನಿನ್ನೆ ಇವ್ಳು ಹಾಕಿದ ಸೊಪ್ಪಲ್ಲಿ ಉಮ್ಮತ್ತಿ ಐತೆ, ವಿಷದ ಎಲೆ, ನೀವೇ ನೋಡಿ."

ಬಲ್ಬು ಇನ್ನೂ ಉರಿಯುತ್ತಿತ್ತು. ನಾನು ಪೆಟ್ಟಿಗೆಗೆ ಕೈಹಾಕಿದೆ. ದಂಟಿನ ಸೊಪ್ಪು ಹಪ್ಪಳದಂತೆ ಪುಡಿಯಾಯಿತು. ಪಕ್ಕದಲ್ಲಿದ್ದ ಉಮ್ಮತ್ತಿ ಎಲೆ ಹಸಿರಾಗಿ, ಮೆತ್ತಗಿತ್ತು. ಆಮೆಗಳ ಕೆಳಗಿನ ಮರಳು ಮಾತ್ರ ಒದ್ದೆಯಾಗಿ ಉಂಡೆಗಟ್ಟಿತ್ತು.

ಕೌಸಲ್ಯಮ್ಮ ಒಂದು ಆಮೆಯನ್ನು ತಲೆಕೆಳಗೆ ಮಾಡಿದರು. ಮೂಗಿನಿಂದ ನೀರಿಳಿಯಿತು. ಇನ್ನೊಂದನ್ನು ಎತ್ತಿದಾಗ ಅದರ ಹಿಂಗಾಲು ನಡುಗಿತು.

"ಉಮಾ, ಇದಕ್ಕೆ ಜೀವ ಇದೆ!"

ಉಮಾ ಕಸಿದುಕೊಂಡಳು. ತಲೆ ಕೆಳಗಾಗಿಯೇ ಹಿಡಿದು, ಮುಂಗಾಲುಗಳನ್ನು ಎಳೆದು, ಒತ್ತಿ, ಮತ್ತೆ ಎಳೆದಳು. ಬೆರಳು ನೋಯುತ್ತಿದ್ದರೂ ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಆಮೆ ಬಾಯಿ ತೆರೆದು ಉಸಿರೆಳೆಯಿತು.

ಆಗ ಕೌಸಲ್ಯಮ್ಮ ಎಲ್ಲರನ್ನೂ ಕೂರಿಸಿದರು.

"ಇವು ವಿಷ ತಿಂದು ಸತ್ತಿಲ್ಲ, ನೀರಲ್ಲಿ ಮುಳುಗಿ ಸತ್ತಿವೆ. ಆಮೇಲೆ ಯಾರೋ ತಂದು ಮರಳಿನ ಮೇಲಿಟ್ಟಿದ್ದಾರೆ. ಉಮಾ ನಿನ್ನೆ ಹಾಕಿದ ದಂಟು ಬಲ್ಬಿನ ಶಾಖಕ್ಕೆ ಗರಿಗರಿಯಾಗಿದೆ. ಅದೇ ಬಲ್ಬಿನ ಕೆಳಗೆ ಉಮ್ಮತ್ತಿ ಮಾತ್ರ ಹಸಿ ಉಳಿಯುತ್ತಾ? ಅದನ್ನ ಹಾಕಿದ್ದು ಇವತ್ತು ಬೆಳಗ್ಗೆ. ಏಕಾಂತಯ್ಯನೂ ಉಮಾನೂ ಒಟ್ಟಿಗೇ ಒಳಗೆ ಬಂದ್ರು. ಅದಕ್ಕೆ ಮೊದಲು ಇಲ್ಲಿ ಒಂಟಿಯಾಗಿದ್ದವನು ನೀನೊಬ್ಬನೇ, ಸದಾಶಿವಯ್ಯ. ರಾತ್ರಿ ಇವನ್ನ ಮೀನಿನ ತೊಟ್ಟಿಗೆ ಹಾಕೋಕೂ ಬೀಗದ ಕೈ ಬೇಕಿತ್ತಲ್ಲ."

ಸದಾಶಿವಯ್ಯ ಉಮಾಳ ಕಡೆ ಹಲ್ಲು ಕಡಿದ. "ಸಾಯ್ತಿದ್ರೆ ತಾನೇ ಅಂಗಡಿಗೆ ಮತ್ತೆ ತರ್ಸೋದು? ಇವ್ಳು ಬಂದ್ಮೇಲೆ ಆಮೆ ತಾ ಅಂತ ಯಾರೂ ಕೇಳ್ಲಿಲ್ಲ. ನನ್ ಕಸುಬೇ ನಿಂತೋಯ್ತು."

ಏಕಾಂತಯ್ಯ ಅವನ ಕೈಯಿಂದ ಬೀಗದ ಕೈ ಕಿತ್ತುಕೊಂಡು ಅವನನ್ನು ಹೊರಗೆ ಕಳಿಸಿದ. ಆಮೇಲೆ ತಲೆ ತಗ್ಗಿಸಿ, "ತಪ್ಪಾಯ್ತು ಕಣಮ್ಮ. ನಾಳೆಯಿಂದ ಕೆಲಸಕ್ಕೆ ಬಾ," ಎಂದ.

"ಬರ್ತೀನಿ. ಆದ್ರೆ ಈ ಅಂಗಡೀಲಿ ಇನ್ಮೇಲೆ ಆಮೆ ಮಾರಂಗಿಲ್ಲ."

"ಅದೆಂಗಮ್ಮ? ನಮಗೆ ಆಮೆ ಹಿಡಿದುಕೊಡೋ ಸಿ.ಎಸ್. ಪುರದ ದಾಸಯ್ಯ ಇನ್ನೂ ಒಂದಷ್ಟು ಹಿಡಿದಿಟ್ಟವ್ನೆ."

"ಹಂಗಾದ್ರೆ ಈಗ್ಲೇ ನಡೀರಿ. ಅವನ ಕೈಲೇ ಎಲ್ಲಾನೂ ಕಾಡಿಗೆ ಬಿಡಿಸೋಣ."

ಉಸಿರಾಡುತ್ತಿದ್ದ ಆಮೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳು ಬಸ್‌ಸ್ಟ್ಯಾಂಡಿನತ್ತ ಹೊರಟಳು. ಏಕಾಂತಯ್ಯ ಗಿರಾಕಿಗಳನ್ನೂ ನೋಡದೆ ಬಾಗಿಲೆಳೆದು, ಅವಳ ಹಿಂದೆ ಓಡಿದ.